ಅರಳು-ಮರಳು: ವಯಸ್ಸಿನ ಫಲವೋ, ರೋಗವೋ?

ಅರವತ್ತಕ್ಕೆ ಅರಳು-ಮರಳು ಎಂಬುದು ನಮ್ಮಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಮಾತು. ಮನೆಯ ಹಿರಿಯರು ಇಟ್ಟ ವಸ್ತುವನ್ನು ಮರೆತರೆ, ಹೇಳಿದ್ದನ್ನೇ ಮತ್ತೆ ಹೇಳಿದರೆ, ಮೊಮ್ಮಗನನ್ನು ಮಗನ ಹೆಸರಿನಿಂದ ಕರೆದರೆ, ಕಿರಿಯರು ನಕ್ಕು ಈ ಮಾತನ್ನಾಡುತ್ತಾರೆ. ಅಲ್ಲಿಗೆ ವಿಚಾರಣೆ ಮುಗಿಯಿತು. ಕಾರಣ ಕೇಳುವ ಅಗತ್ಯ ಯಾರಿಗೂ ತೋರುವುದಿಲ್ಲ. ಏಕೆಂದರೆ ಕಾರಣ ಆ ಮಾತಿನೊಳಗೇ ಇದೆ: ಅರವತ್ತಾಯಿತು, ಅಷ್ಟೆ.

ಆದರೆ ವರಕವಿ ಬೇಂದ್ರೆಯವರು ಅರವತ್ತು ದಾಟಿದ ಹೊತ್ತಿನಲ್ಲಿ ತಮ್ಮ ಕವನ ಸಂಕಲನವೊಂದಕ್ಕೆ ‘ಅರಳು ಮರಳು’ ಎಂದೇ ಹೆಸರಿಟ್ಟರು. ಅದಕ್ಕೆ 1958ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಅರಳುವುದು, ಮರಳಿ ಅರಳುವುದು ಎಂಬ ಅರ್ಥವೂ ಆ ಹೆಸರಿನಿಂದ ಹೊರಡುತ್ತದೆ. ಅರವತ್ತರಲ್ಲಿ ಮಾತಿನೊಡನೆ ಹೀಗೆ ಆಡಬಲ್ಲ ಮನಸ್ಸಿಗೆ ಅರಳು-ಮರಳು ಹಿಡಿದಿಲ್ಲವೆಂಬುದು ಸ್ಪಷ್ಟ. ತೊಂಬತ್ತಾದರೂ ಹೊಲದ ಎಲ್ಲೆ, ಸಾಲದ ಲೆಕ್ಕ, ನೆಂಟರ ಮನೆಯ ಮದುವೆಯ ದಿನ ಒಂದನ್ನೂ ಮರೆಯದ ಅಜ್ಜಂದಿರನ್ನು ನಮ್ಮ ಹಳ್ಳಿಗಳಲ್ಲಿ ನೀವೂ ಕಂಡಿದ್ದೀರಿ. ಹಾಗಾದರೆ ಕೆಲವರಿಗೆ ಮಾತ್ರ ಬರುವ ಈ ಮರೆವಿಗೆ ವಯಸ್ಸಲ್ಲದೆ ಬೇರೆ ಕಾರಣವಿರಬೇಕು. ಆ ಕಾರಣಗಳ ವಿಷಯವಾಗಿ ಈ ಹೊತ್ತು ನಿಮ್ಮೊಡನೆ ನಾಲ್ಕು ಮಾತನಾಡಬೇಕೆಂದಿದ್ದೇನೆ.

ನಾನು ಹುಣಸೂರಿನಲ್ಲಿ ಬಹಳ ವರ್ಷ ವೈದ್ಯವೃತ್ತಿ ನಡೆಸಿದವನು. ಮಿದುಳಿನ ತಜ್ಞನಲ್ಲ. ಜ್ವರ, ಕೆಮ್ಮು, ರಕ್ತದೊತ್ತಡ, ಸಕ್ಕರೆ ಕಾಯಿಲೆ ಇವುಗಳ ನಡುವೆ ಕಾಲ ಕಳೆದವನು. ಈ ವಿಷಯವನ್ನು ನಾನು ಪುಸ್ತಕದಿಂದ ಕಲಿಯುವುದಕ್ಕೆ ಮೊದಲು ನನ್ನ ಮನೆಯಲ್ಲಿಯೇ ಕಲಿಯಬೇಕಾಯಿತು, ಅದೂ ತಡವಾಗಿ. ಆ ತಡಕ್ಕೆ ಹೊಣೆ ನಾನೇ.

ನನ್ನ ತಾಯಿ ಲಕ್ಷ್ಮಣತೀರ್ಥ ನದಿಯ ದಂಡೆಯ ಒಂದು ಹಳ್ಳಿಯವರು. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೆ ಅಳತೆ, ಲೆಕ್ಕ, ನೆಂಟಸ್ತನ, ನಂಜು-ಪಥ್ಯ ಎಲ್ಲವೂ ಅವರಿಗೆ ಬಾಯಿಪಾಠ. ಸುತ್ತಲ ಊರುಗಳಲ್ಲಿ ಮದುವೆಯಾದರೆ ಸೋಬಾನೆ ಹಾಡಲು ಅವರನ್ನು ಕರೆಯುತ್ತಿದ್ದರು. 2011ರ ಹೊತ್ತಿಗೆ ಅವರಿಗೆ ಸುಮಾರು ಎಪ್ಪತ್ತೈದು. ಆಗ ಒಂದು ದಿನ ನನ್ನ ಪತ್ನಿ ಹೇಳಿದಳು: “ಅತ್ತೆ ಯಾಕೋ ಮೊದಲಿನಂಗಿಲ್ಲ. ಬೆಳಗ್ಗೆ ಹೇಳಿದ್ದು ಮಧ್ಯಾಹ್ನಕ್ಕಿಲ್ಲ. ನೀವೊಂದ್ಸಲ ನೋಡಬಾರದಾ?” ನಾನು ವೈದ್ಯ. ನಾನು ಕೊಟ್ಟ ಉತ್ತರ ಇದು: “ಎಪ್ಪತ್ತೈದಾಯ್ತಲ್ಲ, ಇನ್ನೇನು?” ಹೀಗೆ ಎರಡು ವರ್ಷ ಕಳೆಯಿತು.

2013ರಲ್ಲಿ ನನ್ನ ಚಿಕಿತ್ಸಾಲಯಕ್ಕೆ ಹೊಗೆಸೊಪ್ಪಿನ ಬೆಳೆಗಾರರಾದ ಒಬ್ಬ ಯಜಮಾನರನ್ನು ಕರೆತಂದರು. ಎಪ್ಪತ್ತರ ಆಸುಪಾಸು. ಮಾತು ತೊದಲುತ್ತಿತ್ತು, ಮಗನ ಗುರುತು ಒಮ್ಮೆ ಸಿಕ್ಕುತ್ತಿತ್ತು, ಒಮ್ಮೆ ಇಲ್ಲ. “ಅಪ್ಪಂಗೆ ಅರಳು-ಮರಳು ಡಾಕ್ಟ್ರೇ, ಏನಾದ್ರೂ ಟಾನಿಕ್ ಬರ್ಕೊಡಿ” ಎಂದ ಮಗ. ಆದರೆ ಇವೆಲ್ಲ ಮೂರು ವಾರದೊಳಗೆ ಬಂದವು ಎಂಬುದು ನನಗೆ ಸೋಜಿಗವೆನಿಸಿತು. ನಡೆಸಿ ನೋಡಿದೆ, ಒಂದು ಕಾಲು ತುಸು ಎಳೆಯುತ್ತಿತ್ತು. “ಎಲ್ಲಾದರೂ ಬಿದ್ದಿದ್ದರೇ?” ಎಂದು ಕೇಳಿದಾಗ ಅವರ ಹೆಂಡತಿ, “ಬಚ್ಚಲಲ್ಲಿ ಜಾರಿದ್ರು ಕಣಪ್ಪ, ತಿಂಗಳಾಯ್ತು. ಗಾಯ ಏನೂ ಆಗಿರಲಿಲ್ವಲ್ಲ” ಎಂದರು. ಮೈಸೂರಿಗೆ ಕಳುಹಿಸಿ ತಲೆಯ ಸ್ಕ್ಯಾನ್ ಮಾಡಿಸಿದಾಗ ತಲೆಬುರುಡೆಯ ಕೆಳಗೆ ರಕ್ತ ಹೆಪ್ಪುಗಟ್ಟಿ ಮಿದುಳನ್ನು ಒತ್ತುತ್ತಿತ್ತು. ಅದನ್ನು ತೆಗೆದರು. ಕೆಲವು ವಾರಗಳ ಮೇಲೆ ಅದೇ ಯಜಮಾನರು ಹರಾಜು ಮಾರುಕಟ್ಟೆಯಲ್ಲಿ ತಮ್ಮ ಬೇಲುಗಳ ತೂಕಕ್ಕಾಗಿ ಏರುದನಿಯಲ್ಲಿ ವಾದಿಸುತ್ತಿದ್ದುದನ್ನು ನಾನೇ ಕಂಡೆ.

ಅವರಿಗೆ ಸ್ಕ್ಯಾನ್ ಮಾಡಿಸಬೇಕೆಂದು ಚೀಟಿ ಬರೆದುಕೊಟ್ಟ ದಿನ ರಾತ್ರಿ ಮನೆಗೆ ಹೋದೆ. ತಾಯಿ ಒಲೆಯ ಮುಂದೆ ಕುಳಿತಿದ್ದರು. ಎಸರು ಕುದಿದು ಕುದಿದು ತಳ ಕಾಣುತ್ತಿತ್ತು. ರಾಗಿಹಿಟ್ಟು ಮಗ್ಗುಲಲ್ಲಿಯೇ ಇತ್ತು. “ಅವ್ವಾ, ಹಿಟ್ಟು ಹಾಕಲಿಲ್ವಾ?” ಎಂದೆ. “ಹಾಕ್ತೀನಿ ಕಣಪ್ಪ, ಯಾವಾಗ ಹಾಕ್ಬೇಕು ಅಂತ ನೋಡ್ತಾ ಇವ್ನಿ” ಎಂದರು. ಅರವತ್ತು ವರ್ಷ ದಿನಕ್ಕೆರಡು ಸಲ ಮುದ್ದೆ ತೊಳೆಸಿದ ಕೈ ಅದು. ಊರಿನವರ ತಂದೆಗೆ ಕಾರಣ ಹುಡುಕಿದ ನಾನು ನನ್ನ ತಾಯಿಗೆ ಕಾರಣವನ್ನೇ ಕೇಳಿರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆ ನನಗಾಗಿಯೇ ಹುಟ್ಟಿದಂತಿತ್ತು.

ಈ ಎರಡು ಪ್ರಸಂಗಗಳನ್ನು ಒಟ್ಟಿಗೆ ಹೇಳಿದ್ದಕ್ಕೆ ಉದ್ದೇಶವಿದೆ. ವೈದ್ಯರು ಡಿಮೆನ್ಷಿಯಾ ಎಂದು ಕರೆಯುವುದು ಒಂದು ರೋಗವಲ್ಲ. ಜ್ವರವೆಂಬಂತೆ ಅದೊಂದು ಲಕ್ಷಣಸಮೂಹ. ನೆನಪು, ವಿವೇಚನೆ, ಮಾತು, ದಾರಿಯ ಗುರುತು ಇವು ಕುಂದಿ, ದಿನದ ಬಾಳು ನಡೆಸಲಾಗದ ಸ್ಥಿತಿಗೆ ಆ ಹೆಸರು. ಜ್ವರಕ್ಕೆ ಮಲೇರಿಯವೂ ಕಾರಣವಿರಬಹುದು, ವಿಷಮಶೀತವೂ ಕಾರಣವಿರಬಹುದು. ಹಾಗೆಯೇ ಇದಕ್ಕೂ ಹಲವು ಕಾರಣಗಳು. ಅವುಗಳಲ್ಲಿ ಕೆಲವು ಸರಿಪಡಿಸಬಹುದಾದವು: ತಲೆಗೆ ಪೆಟ್ಟುಬಿದ್ದು ಹೆಪ್ಪುಗಟ್ಟಿದ ರಕ್ತ, ಥೈರಾಯಿಡ್ ಗ್ರಂಥಿಯ ಸೋಮಾರಿತನ, ಬಿ12 ಜೀವಸತ್ವದ ಕೊರತೆ, ಮಿದುಳಿನ ಕುಳಿಗಳಲ್ಲಿ ನೀರು ತುಂಬುವುದು, ನಿದ್ದೆಗೆಂದು ನುಂಗುವ ಮಾತ್ರೆಗಳು. ಸಂಗಾತಿ ತೀರಿಕೊಂಡ ಮೇಲೆ ಬರುವ ಮನಸ್ಸಿನ ಕುಗ್ಗುವಿಕೆ ಕೂಡ ಎಷ್ಟೋ ಸಲ ಮರೆವಿನ ವೇಷ ತೊಟ್ಟು ಬರುತ್ತದೆ. ಅರಳು-ಮರಳು ಎಂದು ಸುಮ್ಮನಾದರೆ ಇವರೆಲ್ಲರ ಬಾಗಿಲನ್ನೂ ನಾವೇ ಮುಚ್ಚಿದಂತೆ.

ಇನ್ನುಳಿದವು ಮುಂದುವರಿಯುತ್ತಲೇ ಹೋಗುವ ಬಗೆಗಳು. ಮಿದುಳಿನ ಸಣ್ಣ ರಕ್ತನಾಳಗಳು ಕಟ್ಟಿಕೊಂಡು ಬರುವುದು ಒಂದು. ಮಿದುಳಿನ ಕೋಶಗಳಲ್ಲಿ ಬೇಡದ ಪ್ರೋಟೀನು ಗಂಟುಕಟ್ಟಿ ಬರುವವು ಕೆಲವು. ಇವೆಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಅಲ್ಜೈಮರ್ ರೋಗ. ಅದರ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಏಕೆಂದರೆ ‘ವಯಸ್ಸಾಯಿತು’ ಎಂಬ ನಮ್ಮ ಮಾತು ವಿಜ್ಞಾನವನ್ನೂ ಅರ್ಧ ಶತಮಾನ ದಾರಿ ತಪ್ಪಿಸಿತ್ತು.

1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಮಾನಸಿಕ ಆಸ್ಪತ್ರೆಗೆ ಆಗುಸ್ತೆ ಎಂಬ ಐವತ್ತೊಂದು ವರ್ಷದ ಹೆಂಗಸನ್ನು ಸೇರಿಸಿದರು. ಗಂಡನ ಹೆಸರೇನೆಂದು ಕೇಳಿದರೆ ತನ್ನ ಹೆಸರನ್ನೇ ಹೇಳುತ್ತಿದ್ದಳು. ಆಕೆಯನ್ನು ಪರೀಕ್ಷಿಸಿದ ವೈದ್ಯ ಅಲೋಯಿಸ್ ಅಲ್ಜೈಮರ್. 1906ರಲ್ಲಿ ಆಕೆ ತೀರಿಕೊಂಡಾಗ ಅವರು ಮಿದುಳನ್ನು ತರಿಸಿಕೊಂಡು, ತೆಳುವಾದ ಪದರಗಳಾಗಿ ಕೊಯ್ದು, ಬೆಳ್ಳಿಯ ಲವಣದ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ನರಕೋಶಗಳ ಹೊರಗೆ ಏನೋ ವಸ್ತು ಅಲ್ಲಲ್ಲಿ ಹೆಪ್ಪಳಿಕೆಯಾಗಿ ನಿಂತಿತ್ತು. ಕೋಶಗಳ ಒಳಗೆ ನೂಲು ಸಿಕ್ಕುಬಿದ್ದಂತೆ ಎಳೆಗಳು ಹೊಸೆದುಕೊಂಡಿದ್ದವು. ಅದೇ ವರ್ಷದ ನವೆಂಬರಿನಲ್ಲಿ ಟ್ಯೂಬಿಂಗೆನ್ ನಗರದ ವೈದ್ಯರ ಸಭೆಯಲ್ಲಿ ಅವರು ಇದನ್ನು ವಿವರಿಸಿದಾಗ ಹೆಚ್ಚಿನ ಚರ್ಚೆಯೇ ನಡೆಯಲಿಲ್ಲ. 1910ರಲ್ಲಿ ಅವರ ಹಿರಿಯ ಸಹೋದ್ಯೋಗಿ ಕ್ರೇಪೆಲಿನ್ ತಮ್ಮ ಪಠ್ಯಪುಸ್ತಕದಲ್ಲಿ ಈ ರೋಗಕ್ಕೆ ಅಲ್ಜೈಮರರ ಹೆಸರನ್ನು ಕೊಟ್ಟರು.

ಆದರೆ ರೋಗಿಗೆ ಐವತ್ತೊಂದೇ ವರ್ಷವಾಗಿದ್ದುದರಿಂದ, ಇದು ನಡುವಯಸ್ಸಿನವರಿಗೆ ಬರುವ ಅಪರೂಪದ ಕಾಯಿಲೆ, ಮುದುಕರ ಮರೆವು ಮಾತ್ರ ವಯಸ್ಸಿನ ಸಹಜಧರ್ಮ ಎಂದು ವೈದ್ಯಲೋಕವೂ ನಂಬಿತು. 1968ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಬ್ಲೆಸ್ಸೆಡ್, ಟಾಮ್ಲಿನ್ಸನ್, ರಾತ್ ಎಂಬ ಮೂವರು ವೈದ್ಯರು ಒಂದು ಅಧ್ಯಯನ ಪ್ರಕಟಿಸಿದರು. ಬದುಕಿದ್ದಾಗ ವೃದ್ಧರ ಬುದ್ಧಿಶಕ್ತಿ ಎಷ್ಟು ಕುಂದಿತ್ತೆಂದು ಅಳೆದು, ತೀರಿಕೊಂಡ ಮೇಲೆ ಅವರ ಮಿದುಳನ್ನು ಪರೀಕ್ಷಿಸಿದ್ದರು. ಹೆಪ್ಪಳಿಕೆಗಳು ಹೆಚ್ಚಿದ್ದಷ್ಟೂ ಬುದ್ಧಿಯ ಕುಂದು ಹೆಚ್ಚಾಗಿತ್ತು. ಮುದುಕರ ಮರೆವು, ಆಗುಸ್ತೆಯ ಮರೆವು ಬಹುಮಟ್ಟಿಗೆ ಒಂದೇ ರೋಗವೆಂಬ ತಿಳಿವಳಿಕೆ ಅಲ್ಲಿಂದ ಬಲವಾಯಿತು. ಅರಳು-ಮರಳು ವಯಸ್ಸಿನ ಧರ್ಮವಲ್ಲ, ವ್ಯಾಧಿ ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಬೇಕಿಲ್ಲ.

ಹೊರಗಿನ ಹೆಪ್ಪಳಿಕೆಯ ವಸ್ತುವಿಗೆ ಅಮಿಲಾಯಿಡ್ ಎಂದೂ, ಒಳಗೆ ಸಿಕ್ಕುಬಿದ್ದ ಎಳೆಗಳ ವಸ್ತುವಿಗೆ ಟಾವ್ ಎಂದೂ ಹೆಸರು. ಎರಡೂ ನಮ್ಮ ಮಿದುಳೇ ತಯಾರಿಸುವ ಪ್ರೋಟೀನುಗಳಿಂದ ಬಂದವು. ಕಾಲುವೆಯಲ್ಲಿ ಹೂಳು ನಿಲ್ಲುವ ರೀತಿಯನ್ನು ರೈತರು ಬಲ್ಲರು. ನೀರಿನೊಡನೆ ಮಣ್ಣು ಬರುವುದು ಸಹಜ. ಹರಿವು ಸರಿಯಾಗಿದ್ದರೆ ಕೊಚ್ಚಿಹೋಗುತ್ತದೆ. ಬರುವುದು ಹೆಚ್ಚಾದರೆ ಅಥವಾ ಹೋಗುವುದು ಕಡಿಮೆಯಾದರೆ ಹೂಳು ನಿಲ್ಲುತ್ತದೆ. ಅಮಿಲಾಯಿಡ್ ನಿಲ್ಲುವುದೂ ಸುಮಾರಾಗಿ ಹೀಗೆಯೇ. ಮರೆವು ಕಾಣಿಸಿಕೊಳ್ಳುವುದಕ್ಕೆ ಹದಿನೈದು ಇಪ್ಪತ್ತು ವರ್ಷ ಮೊದಲೇ ಈ ಹೂಳು ಶುರುವಾಗಿರುತ್ತದೆ. ನನ್ನ ತಾಯಿ ಎಪ್ಪತ್ತೈದರಲ್ಲಿ ಮರೆತರೆ, ಅದರ ಬೀಜ ಬಿದ್ದದ್ದು ಐವತ್ತೈದು ಅರವತ್ತರಲ್ಲಿ. ಅವರು ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಚುರುಕಾಗಿ ನಡೆಯುತ್ತಿದ್ದ ಕಾಲದಲ್ಲಿ.

ಮಿದುಳಿನೊಳಗೆ ಸಮುದ್ರಕುದುರೆಯ ಆಕಾರದ ಒಂದು ಭಾಗವಿದೆ. ಹೊಸ ಸಂಗತಿಗಳನ್ನು ನೆನಪಿಗೆ ಸೇರಿಸುವ ಶಾನುಭೋಗಿಕೆ ಅದರದು. ಈ ರೋಗ ಮೊದಲು ಹಿಡಿಯುವ ಭಾಗಗಳಲ್ಲಿ ಅದೂ ಒಂದು. ಆದ್ದರಿಂದಲೇ ಬೆಳಗಿನ ಊಟ ಮರೆತವರಿಗೆ ಐವತ್ತು ವರ್ಷದ ಹಿಂದಿನ ಜಾತ್ರೆ ನೆನಪಿರುತ್ತದೆ. ನನ್ನ ತಾಯಿ ಮೊಮ್ಮಕ್ಕಳ ಹೆಸರು ಮರೆತ ಮೇಲೂ ಸೋಬಾನೆ ಪದಗಳನ್ನು ಒಂದು ಸೊಲ್ಲೂ ಬಿಡದೆ ಹಾಡುತ್ತಿದ್ದರು. “ಬೇಕಾದ್ದು ನೆನಪಿದೆ, ನಾಟಕ” ಎಂದವರೂ ಉಂಟು. ಅದು ನಾಟಕವಲ್ಲ, ಹಳೆಯ ಕಡತ ಉಳಿದು, ಹೊಸದನ್ನು ಬರೆಯುವ ಕೈ ನಿಂತುಹೋದ ಸ್ಥಿತಿ.

ಇನ್ನು, ಈ ಹೂಳು ಏಕೆ ನಿಲ್ಲುತ್ತದೆ ಎಂಬುದು ಪ್ರಶ್ನೆ. ಇಲ್ಲಿ ಒಂದೇ ಉತ್ತರವಿಲ್ಲ. ಕೆಲವೇ ಕುಟುಂಬಗಳಲ್ಲಿ ವಂಶವಾಹಿಯ ದೋಷ ನೇರವಾಗಿ ತಂದೆತಾಯಿಯಿಂದ ಮಕ್ಕಳಿಗೆ ಇಳಿಯುತ್ತದೆ. ಅಂಥವರಿಗೆ ನಲವತ್ತು ಐವತ್ತರಲ್ಲಿಯೇ ರೋಗ ಬರುತ್ತದೆ. ಒಟ್ಟು ರೋಗಿಗಳಲ್ಲಿ ಇವರು ನೂರಕ್ಕೆ ಒಬ್ಬರೂ ಇಲ್ಲ. ಅಮಿಲಾಯಿಡ್‌ನ ಮೂಲ ಪ್ರೋಟೀನಿನ ವಂಶವಾಹಿ ಇಪ್ಪತ್ತೊಂದನೆಯ ವರ್ಣತಂತುವಿನಲ್ಲಿದೆ. ಡೌನ್ ಲಕ್ಷಣವುಳ್ಳ ಮಕ್ಕಳಿಗೆ ಹುಟ್ಟಿನಿಂದಲೇ ಆ ವರ್ಣತಂತು ಮೂರಿರುವುದರಿಂದ, ಅವರು ನಡುವಯಸ್ಸು ತಲಪಿದಾಗ ಈ ರೋಗಕ್ಕೆ ಹೆಚ್ಚಾಗಿ ಈಡಾಗುತ್ತಾರೆ. ಇದಲ್ಲದೆ, 1993ರಲ್ಲಿ ಗುರುತಿಸಿದಂತೆ, ಎಪೊ ಇ-4 ಎಂಬ ವಂಶವಾಹಿಯ ಬಗೆ ರೋಗದ ಸಂಭವವನ್ನು ಹೆಚ್ಚಿಸುತ್ತದೆ. ಆದರೆ ಅದು ಹಣೆಬರಹವಲ್ಲ. ಅದಿದ್ದೂ ರೋಗ ಬಾರದವರಿದ್ದಾರೆ, ಇಲ್ಲದೆಯೂ ಬಂದವರಿದ್ದಾರೆ. “ನಮ್ಮಪ್ಪಂಗೆ ಬಂದಿತ್ತು, ನನಗೂ ಬರುತ್ತದೆ” ಎಂದು ಹೆದರುವವರಿಗೆ ಈ ಮಾತು ಸಮಾಧಾನ ಕೊಡಬೇಕು.

ಅಲ್ಯೂಮಿನಿಯಮ್ ಪಾತ್ರೆಯಲ್ಲಿ ಅಡಿಗೆ ಮಾಡುವುದೇ ಇದಕ್ಕೆ ಕಾರಣವೆಂಬ ಭಯ ನಮ್ಮಲ್ಲಿ ಇನ್ನೂ ಇದೆ. ಅದಕ್ಕೂ ಒಂದು ಮೂಲವುಂಟು. 1965ರಲ್ಲಿ ಮೊಲಗಳ ಮಿದುಳಿಗೆ ಅಲ್ಯೂಮಿನಿಯಮ್ ಲವಣ ಸೇರಿಸಿದಾಗ ಕೋಶಗಳಲ್ಲಿ ಎಳೆಗಳು ಸಿಕ್ಕುಬಿದ್ದವು. ಆದರೆ ಆ ಎಳೆಗಳು ಮನುಷ್ಯರ ರೋಗದ ಎಳೆಗಳಂತಲ್ಲವೆಂದು ಆಮೇಲೆ ತಿಳಿಯಿತು. ಪಾತ್ರೆಯಿಂದ ರೋಗ ಬರುತ್ತದೆಂಬುದು ಈವರೆಗೆ ಸಿದ್ಧಪಟ್ಟಿಲ್ಲ. ಪಾತ್ರೆಗೆ ಹೆದರಿ ರಕ್ತದೊತ್ತಡವನ್ನು ಮರೆಯುವುದು ಬುದ್ಧಿವಂತಿಕೆಯಲ್ಲ. ಸೋಂಕಿನ ಪಾತ್ರದ ಬಗೆಗೂ ಹುಡುಕಾಟ ನಡೆದಿದೆ. ಬ್ರಿಟನ್ನಿನ ವೇಲ್ಸ್ ಪ್ರಾಂತದಲ್ಲಿ ಸರ್ಪಸುತ್ತಿನ ಲಸಿಕೆ ಪಡೆದ ವೃದ್ಧರಲ್ಲಿ ಮುಂದಿನ ಏಳು ವರ್ಷಗಳಲ್ಲಿ ಡಿಮೆನ್ಷಿಯಾ ಸುಮಾರು ಐದನೆಯ ಒಂದು ಪಾಲಿನಷ್ಟು ಕಡಿಮೆಯಾಗಿ ಕಂಡಿತೆಂದು 2025ರಲ್ಲಿ ಪ್ರಕಟವಾಯಿತು. ನರಗಳಲ್ಲಿ ಅಡಗಿ ಕುಳಿತ ವೈರಾಣುಗಳಿಗೂ ಈ ರೋಗಕ್ಕೂ ನಂಟಿರಬಹುದೆಂಬ ಸಂದೇಹಕ್ಕೆ ಇದು ಪುಷ್ಟಿ ಕೊಟ್ಟಿದೆ.

ಹೂಳೆತ್ತುವ ಔಷಧಿಗಳೂ ಬಂದಿವೆ. 2023ರಲ್ಲಿ ಅಮೆರಿಕದಲ್ಲಿ ಪೂರ್ಣ ಮನ್ನಣೆ ಪಡೆದ ಲೆಕಾನೆಮ್ಯಾಬ್ ಎಂಬ ಮದ್ದು ಅಮಿಲಾಯಿಡನ್ನು ಮಿದುಳಿನಿಂದ ತೆಗೆಯುತ್ತದೆ. ಆದರೆ ಹೂಳು ತೆಗೆದರೂ ರೋಗ ನಿಲ್ಲಲಿಲ್ಲ. ಹದಿನೆಂಟು ತಿಂಗಳ ಪರೀಕ್ಷೆಯಲ್ಲಿ ಅದರ ವೇಗ ನೂರಕ್ಕೆ 27ರಷ್ಟು ತಗ್ಗಿತು, ಅಷ್ಟೆ. ಎಂದ ಮೇಲೆ ಹೂಳೊಂದೇ ಕಾರಣವಲ್ಲ, ಕಾಲುವೆಯ ಸ್ಥಿತಿಯೂ ಕಾರಣ ಎಂದಾಯಿತು. ಮಿದುಳಿಗೆ ರಕ್ತ ಒಯ್ಯುವ ನಾಳಗಳು, ಅದಕ್ಕೆ ಬಾಲ್ಯದಿಂದ ದೊರೆತ ಪೋಷಣೆ, ಅದು ಮಾಡಿದ ಕೆಲಸ ಇವೂ ಲೆಕ್ಕಕ್ಕೆ ಬರುತ್ತವೆ. ನಮ್ಮ ಕೈಗೆ ನಿಲುಕುವ ಕಾರಣಗಳಿರುವುದು ಇಲ್ಲಿಯೇ.

‘ಲ್ಯಾನ್ಸೆಟ್’ ಎಂಬ ವೈದ್ಯಪತ್ರಿಕೆ ನೇಮಿಸಿದ ತಜ್ಞರ ಮಂಡಲಿ 2024ರಲ್ಲಿ ಇಂಥ ಹದಿನಾಲ್ಕು ಕಾರಣಗಳನ್ನು ಪಟ್ಟಿಮಾಡಿತು. ಕಡಿಮೆ ಓದು, ಕಿವಿ ಮಂದವಾಗುವುದು, ಕಣ್ಣು ಮಂಜಾಗುವುದು, ರಕ್ತದ ಕೊಬ್ಬು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬೊಜ್ಜು, ಧೂಮಪಾನ, ಮಿತಿಮೀರಿದ ಕುಡಿತ, ಮೈಗೆ ಕೆಲಸವಿಲ್ಲದಿರುವುದು, ತಲೆಗೆ ಪೆಟ್ಟು, ಮನಸ್ಸಿನ ಕುಗ್ಗುವಿಕೆ, ಒಂಟಿತನ, ಕೆಟ್ಟ ಗಾಳಿ ಇವೇ ಆ ಹದಿನಾಲ್ಕು. ಇವನ್ನೆಲ್ಲ ನಿವಾರಿಸುವುದು ಸಾಧ್ಯವಾದರೆ ಜಗತ್ತಿನ ಡಿಮೆನ್ಷಿಯಾದಲ್ಲಿ ನೂರಕ್ಕೆ ಸುಮಾರು 45 ಪಾಲನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದು ಅವರ ಅಂದಾಜು. ಅತಿ ಹೆಚ್ಚಿನ ಪಾಲು ಎರಡಕ್ಕೆ: ಕಿವಿ ಮತ್ತು ರಕ್ತದ ಕೊಬ್ಬು.

ಈ ಪಟ್ಟಿಯನ್ನು ಓದುವಾಗ ನನ್ನ ಕಣ್ಣೆದುರು ಬಂದದ್ದು ನಮ್ಮ ಸೀಮೆ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳು ಹೊಗೆಸೊಪ್ಪು ಬೆಳೆಯುವ ತಾಲ್ಲೂಕುಗಳು. ಬ್ಯಾರನ್ನಿನಲ್ಲಿ ಸೊಪ್ಪು ಬೇಯಿಸಲು ಹಗಲಿರುಳು ಸೌದೆ ಉರಿಸಿ ಅದರ ಹೊಗೆ ಕುಡಿಯುವವರು ಎಷ್ಟು ಮಂದಿ! ಸೌದೆಯ ಒಲೆ ಊದುತ್ತ ಬಾಳು ಸವೆಸಿದ ಹೆಂಗಸರು ಎಷ್ಟು! ಬೆಳೆದ ಸೊಪ್ಪನ್ನು ನಾವು ಹೊರದೇಶಕ್ಕೆ ಕಳುಹಿಸುತ್ತೇವೆ. ಬೀಡಿ ಸಿಗರೇಟಿನ ರೂಪದಲ್ಲಿ ನಾವೂ ಸುಡುತ್ತೇವೆ. ಈ ಬೆಳೆ ನಮ್ಮ ಎಷ್ಟೋ ಮನೆಗಳಿಗೆ ಮಾಳಿಗೆ ಕಟ್ಟಿಕೊಟ್ಟಿದೆ, ಮಕ್ಕಳನ್ನು ಓದಿಸಿದೆ. ನಾನೂ ಅದೇ ದುಡ್ಡಿನಲ್ಲಿ ಓದಿದವನು. ಹಾಗಿದ್ದರೂ ಹೇಳಬೇಕಾದ್ದನ್ನು ಹೇಳದಿರಲಾರೆ.

ತಾಯಿಯನ್ನು ಈ ಪಟ್ಟಿಯ ಪಕ್ಕದಲ್ಲಿ ನಿಲ್ಲಿಸಿ ನೋಡಿದೆ. ಓದು ಇಲ್ಲ. ಅರವತ್ತರಿಂದಲೇ ಕಿವಿ ಮಂದ; ನಾವು ಒಂದು ಕೇಳಿದರೆ ಅವರು ಇನ್ನೊಂದು ಹೇಳುವರು, ನಾವು ನಗುವೆವು. ಕ್ರಮೇಣ ಅವರು ಮಾತಿನ ನಡುವೆ ಕೂರುವುದನ್ನೇ ಬಿಟ್ಟರು. ಕಿವಿ ಹೋದವರಿಗೆ ಮಾತು ಹೋಗುತ್ತದೆ, ಮಾತು ಹೋದವರಿಗೆ ಜನ ಹೋಗುತ್ತಾರೆ, ಮಿದುಳಿಗೆ ಕೆಲಸ ತಪ್ಪುತ್ತದೆ. ಕಿವಿಯ ಯಂತ್ರ ತರಿಸಿಕೊಡುವುದು ನನಗೆ ಕಷ್ಟವಾಗಿರಲಿಲ್ಲ, ಹೊಳೆಯಲಿಲ್ಲ. ರಕ್ತದೊತ್ತಡದ ಮಾತ್ರೆಯನ್ನು “ಈಗ ಚೆನ್ನಾಗಿವ್ನಿ” ಎಂದು ಯಾವಾಗಲೋ ನಿಲ್ಲಿಸಿದ್ದರು. ಎಸರು ಬತ್ತಿದ ಮರುದಿನ ಅಳೆದಾಗ ಅದು 180ಕ್ಕೆ ಏರಿತ್ತು. ಮೈಸೂರಿನ ನರರೋಗ ತಜ್ಞರಲ್ಲಿಗೆ ಕರೆದೊಯ್ದೆ. ಥೈರಾಯಿಡ್ ಸರಿಯಾಗಿತ್ತು. ಬಿ12 ತುಸು ಕಡಿಮೆಯಿತ್ತು. ಚುಚ್ಚುಮದ್ದು ಕೊಟ್ಟರೂ ಮರೆವು ಹೋಗಲಿಲ್ಲ. ಸ್ಕ್ಯಾನಿನಲ್ಲಿ, ನಾನು ಹೇಳಿದ ಆ ಸಮುದ್ರಕುದುರೆಯ ಭಾಗ ಕುಗ್ಗಿತ್ತು. ಅದರ ಜೊತೆಗೆ ಸಣ್ಣ ಸಣ್ಣ ನಾಳಗಳು ಕಟ್ಟಿಹೋದ ಹಳೆಯ ಗುರುತುಗಳೂ ಇದ್ದವು. ಎರಡೂ ಸೇರಿವೆ ಎಂದರು ತಜ್ಞರು. ಮುಪ್ಪಿನಲ್ಲಿ ಹೀಗೆ ಎರಡು ಮೂರು ಕಾರಣಗಳು ಕೂಡಿ ಬರುವುದೇ ಹೆಚ್ಚು. ಹೂಳು ನನ್ನ ಕೈಯಲ್ಲಿರಲಿಲ್ಲ. ರಕ್ತದೊತ್ತಡ ನನ್ನ ಕೈಯಲ್ಲಿತ್ತು.

ಕಾರಣಗಳು ಇನ್ನೂ ಹಿಂದಕ್ಕೆ, ತಾಯಿಯ ಗರ್ಭದವರೆಗೆ ಹೋಗಬಹುದೆಂಬುದಕ್ಕೆ ಸಾಕ್ಷ್ಯ ಮೈಸೂರಿನಲ್ಲಿಯೇ ಸಿಕ್ಕಿದೆ. ಮಿಷನ್ ಆಸ್ಪತ್ರೆ ಎಂದು ಜನ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಟ್ಟಿದ್ದರು. ಆ ದಾದಿಯರು ಶ್ರದ್ಧೆಯಿಂದ ಬರೆದ ಪುಸ್ತಕಗಳು ಎಂಬತ್ತು ವರ್ಷಗಳ ಮೇಲೆ ಉಪಯೋಗಕ್ಕೆ ಬಂದವು. ಡಾ. ಮುರಳಿ ಕೃಷ್ಣ ಅವರೂ ಅವರ ಸಂಗಡಿಗರೂ ಆ ಶಿಶುಗಳನ್ನು ವೃದ್ಧರಾದ ಮೇಲೆ ಹುಡುಕಿ, ನೆನಪು ಬುದ್ಧಿಗಳನ್ನು ಪರೀಕ್ಷಿಸಿದರು. ಹುಟ್ಟುವಾಗ ಹೆಚ್ಚು ತೂಕವಿದ್ದವರು, ಹೆಚ್ಚು ಓದಿದವರು ಮುಪ್ಪಿನಲ್ಲಿ ಈ ಪರೀಕ್ಷೆಗಳಲ್ಲಿ ಸರಾಸರಿಯಾಗಿ ಮೇಲಾಗಿದ್ದರು. ಬಸುರಿಯ ಹೊಟ್ಟೆಗೆ ಬಿದ್ದ ಅನ್ನವೂ ಹುಡುಗಿಯ ಕೈಗೆ ಬಂದ ಸ್ಲೇಟೂ ಎಪ್ಪತ್ತು ವರ್ಷಗಳ ಮೇಲಿನ ನೆನಪಿಗೆ ಬಂಡವಾಳವಾಗಬಹುದೆಂದು ಇದರಿಂದ ತೋರುತ್ತದೆ. ನನ್ನ ತಾಯಿ ಹುಟ್ಟಿದ್ದು ಹಳ್ಳಿಯ ಮನೆಯ ಕತ್ತಲೆ ಕೋಣೆಯಲ್ಲಿ. ಅವರ ತೂಕವನ್ನು ಯಾರೂ ಬರೆದಿಡಲಿಲ್ಲ. ಹುಟ್ಟಿದ ದಿನವನ್ನೇ ಬರೆದಿಡಲಿಲ್ಲ.

ಓದು ಇಲ್ಲದವರಿಗೆ ಆಸರೆಯೇ ಇಲ್ಲವೆ? ಇದೆ ಎನ್ನುತ್ತದೆ ಇನ್ನೊಂದು ಅಧ್ಯಯನ. ಡಾ. ಸುವರ್ಣಾ ಅಲ್ಲಾಡಿ ಅವರು ಹೈದರಾಬಾದಿನಲ್ಲಿ 648 ಮಂದಿ ಡಿಮೆನ್ಷಿಯಾ ರೋಗಿಗಳನ್ನು ನೋಡಿ 2013ರಲ್ಲಿ ಪ್ರಕಟಿಸಿದ ಫಲಿತಾಂಶವಿದು: ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ರೋಗ ಕಾಣಿಸಿಕೊಂಡದ್ದು ಒಂದೇ ಭಾಷೆ ಆಡುವವರಿಗಿಂತ ನಾಲ್ಕೂವರೆ ವರ್ಷ ತಡವಾಗಿ, ಅಕ್ಷರ ಬಾರದವರಲ್ಲಿಯೂ ಈ ವ್ಯತ್ಯಾಸ ಕಂಡಿತು. ಭಾಷೆ ರೋಗವನ್ನು ತಡೆಯಲಿಲ್ಲ; ಮಿದುಳಿಗೆ ತಡೆದುಕೊಳ್ಳುವ ಕಸುವು ಕೊಟ್ಟಿತೆಂದು ಊಹೆ. ಕನ್ನಡ, ಉರ್ದು, ತೆಲುಗು, ತಮಿಳು ಒಂದೇ ಬೀದಿಯಲ್ಲಿ ಕೇಳುವ ಊರು ನಮ್ಮದು. ಗುರುಪುರದ, ಬೈಲುಕುಪ್ಪೆಯ ಟಿಬೆಟನ್ನರು ಸಂತೆಗೆ ಬಂದು ಕನ್ನಡದಲ್ಲಿ ಚೌಕಾಸಿ ಮಾಡುತ್ತಾರೆ. ಈ ಸಂತೆಯ ಮಾತುಗಾರಿಕೆಯಲ್ಲಿ ಮಿದುಳಿಗೊಂದು ಗರಡಿ ಇದೆಯೆಂದು ನಾವು ಬಗೆದಿರಲಿಲ್ಲ.

ನಮ್ಮ ದೇಶದಲ್ಲಿ ಅರವತ್ತು ದಾಟಿದವರಲ್ಲಿ ನೂರಕ್ಕೆ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನಕ್ಕೆ ಡಿಮೆನ್ಷಿಯಾ ಇದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಸಮೀಕ್ಷೆ ಅಂದಾಜು ಮಾಡಿತು. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಇದು ಹೆಚ್ಚು. ಹಳ್ಳಿಯ ಮಿದುಳು ಹೇಗೆ ಮುಪ್ಪಾಗುತ್ತದೆಂದು ತಿಳಿಯಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ, 45 ವರ್ಷ ದಾಟಿದ ಹತ್ತು ಸಾವಿರ ಜನರನ್ನು ವರ್ಷಾನುವರ್ಷ ನೋಡುವ ಗುರಿಯ ಅಧ್ಯಯನ ಕೈಗೊಂಡಿದೆ. 2022ರಲ್ಲಿ ನಿಮ್ಹಾನ್ಸ್ ಸಂಸ್ಥೆಯೂ ರಾಜ್ಯ ಸರ್ಕಾರವೂ ಸೇರಿ ಕರ್ನಾಟಕ ಮಿದುಳು ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿದವು; ಮರೆವಿನ ರೋಗಿಗಳನ್ನು ಜಿಲ್ಲಾ ಮಟ್ಟದಲ್ಲಿಯೇ ನೋಡಬೇಕೆಂಬುದು ಅದರ ಉದ್ದೇಶಗಳಲ್ಲೊಂದು.

ಒಂದು ಎಚ್ಚರಿಕೆಯನ್ನೂ ಹೇಳಿಬಿಡುತ್ತೇನೆ. ಈ ಕಾರಣಗಳೆಲ್ಲ ಸಾವಿರಾರು ಜನರ ಲೆಕ್ಕದಿಂದ ಬಂದವು. ಒಬ್ಬ ವ್ಯಕ್ತಿಯ ಮುಂದೆ ನಿಂತು, “ಬೀಡಿ ಸೇದಿದೆ, ಅದಕ್ಕೇ ಬಂತು” ಎನ್ನುವ ಅಧಿಕಾರ ಅವು ನಮಗೆ ಕೊಡುವುದಿಲ್ಲ. ಎಲ್ಲ ನಿಯಮ ಪಾಲಿಸಿದವರಿಗೂ ಈ ರೋಗ ಬರುತ್ತದೆ. ಕಾರಣ ಹುಡುಕುವುದು ರೋಗಿಯ ಮೇಲೆ ತಪ್ಪು ಹೊರಿಸುವುದಕ್ಕಲ್ಲ, ಮುಂದಿನವರನ್ನು ಉಳಿಸುವುದಕ್ಕೆ. ಆದ್ದರಿಂದ ನಲವತ್ತು ದಾಟಿದ ನನ್ನ ಕೇಳುಗರು ವರ್ಷಕ್ಕೊಮ್ಮೆಯಾದರೂ ರಕ್ತದೊತ್ತಡ, ಸಕ್ಕರೆ ನೋಡಿಸಿಕೊಳ್ಳಲಿ. ಮೋಟಾರ್ ಸೈಕಲ್ ಏರುವ ಮಕ್ಕಳು ತಲೆಗೆ ಹೆಲ್ಮೆಟ್ ಹಾಕಲಿ. ಹುಡುಗಿಯರ ಶಾಲೆಯನ್ನು ನಡುವೆ ಬಿಡಿಸಬೇಡಿ. ಕಿವಿ ಕೇಳದ ಹಿರಿಯರಿಗೆ ಕಿವಿಯ ಯಂತ್ರ ಕೊಡಿಸಿ, ಮಾತಿನ ನಡುವೆ ಕೂರಿಸಿಕೊಳ್ಳಿ. ಮನೆಯಲ್ಲಿ ಯಾರಿಗಾದರೂ ಮರೆವು ಕಾಣಿಸಿಕೊಂಡರೆ ಎರಡು ವರ್ಷ ಕಾಯಬೇಡಿ.

ತಾಯಿ 2019ರಲ್ಲಿ ತೀರಿಕೊಂಡರು. ರಕ್ತದೊತ್ತಡ ಹತೋಟಿಗೆ ಬಂದ ಮೇಲೆ ಒಂದೆರಡು ವರ್ಷ ಅವರ ಸ್ಥಿತಿ ಹೆಚ್ಚು ಕೆಡದೆ ನಿಂತಿತ್ತು. ಆಗ ಕಿವಿಯ ಯಂತ್ರವನ್ನೂ ತರಿಸಿದೆ. ಹಾಕಿಕೊಂಡು ಮೊಮ್ಮಗಳ ಪಾಠ ಕೇಳುತ್ತ ಕೂರುತ್ತಿದ್ದರು. ಆ ಒಂದೆರಡು ವರ್ಷ ಮೊದಲೇ ದೊರೆಯಬಹುದಾಗಿತ್ತು. ಆಮೇಲೆ ಇಳಿಜಾರು. ಒಂದು ಸಂಜೆ ನಾನು ಊಟದ ತಟ್ಟೆ ಹಿಡಿದು ಮುಂದೆ ಕುಳಿತಾಗ, ನನ್ನನ್ನು ಬಹಳ ಹೊತ್ತು ನೋಡಿ, “ನೀವು ಯಾರ ಮನೆಯವರಪ್ಪ?” ಎಂದರು. ಹುಟ್ಟಿದಾಗಿನಿಂದ ನನ್ನನ್ನು ‘ನೀನು’ ಎಂದ ತಾಯಿ. ಆ ಒಂದು ಬಹುವಚನದಲ್ಲಿ ನಾನು ಮನೆಗೆ ಬಂದ ಪರಸ್ಥನಾಗಿದ್ದೆ. “ನಿಮ್ಮನೆಯವನೇ ಕಣವ್ವ” ಎಂದೆ. “ಹಂಗಾದ್ರೆ ಉಂಡ್ಕಂಡು ಹೋಗಿ” ಎಂದು ತಟ್ಟೆಯನ್ನು ನನ್ನತ್ತ ಸರಿಸಿದರು.

ಗುರುತು ಹೋಗಿತ್ತು, ಬಂದವರಿಗೆ ಉಣಬಡಿಸುವ ಬುದ್ಧಿ ಹೋಗಿರಲಿಲ್ಲ. ಇಂಥವರನ್ನು ಅರಳು-ಮರಳು ಎಂದು ನಗುವ ಮೊದಲು, ಏಕೆ ಹೀಗಾಯಿತೆಂದು ಒಮ್ಮೆ ಕೇಳಿ ನೋಡೋಣ. ನನ್ನ ಮನೆಯಲ್ಲಿ ಆ ಪ್ರಶ್ನೆಯನ್ನು ಮೊದಲು ಕೇಳಿದವಳು ನನ್ನ ಪತ್ನಿ, ವೈದ್ಯನಾದ ನಾನಲ್ಲ. ನಿಮ್ಮ ಮನೆಯಲ್ಲಿಯೂ ಯಾರಾದರೂ ಕೇಳುತ್ತಿದ್ದರೆ, ದಯವಿಟ್ಟು ಅವರ ಮಾತಿಗೆ ಕಿವಿಗೊಡಿ.